ಸತ್ಯದ ಬೆಟ್ಟದ ಭಾವಚಿತ್ರಗಳು

ಬ್ಯಾಂಕಿನಲ್ಲಿದ್ದಾಗ ಹೊಸ ಖಾತೆಯ ಅರ್ಜಿಗಳಿಗೆ ಫೋಟೋ ಅಂಟಿಸುವುದು ನನ್ನ ಕೆಲಸವಾಗಿತ್ತು. ಮುಖ ನೋಡಿ ಖಾತೆಯಲ್ಲಿ ಎಷ್ಟಿದೆಯೆಂದು ಹೇಳಲಾಗುತ್ತಿರಲಿಲ್ಲ. ಇಂದು ನಾನು ಹೇಳಹೊರಟ ಫೋಟೋಗಳೂ ಹಾಗೆಯೇ.

ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿ ಅಸ್ಕೋನಾ ಎಂಬ ಊರಿದೆ. 1900ರಲ್ಲಿ ಪಟ್ಟಣದ ಬಾಳಿಗೆ ಬೇಸತ್ತ ಕೆಲವರು ಅಲ್ಲಿನ ಗುಡ್ಡದ ಮೇಲೆ ನೆಲೆಸಿದರು. ಅದನ್ನು ಮೊಂತೆ ವೆರಿತಾ, ಅಂದರೆ ಸತ್ಯದ ಬೆಟ್ಟ ಎಂದು ಕರೆದರು. ಮಾಂಸ, ಮದ್ಯ ಬಿಟ್ಟರು. ಮರದ ಗುಡಿಸಲು, ತೋಟದ ಕೆಲಸ, ಬರಿಮೈಗೆ ಬಿಸಿಲು. ಆ ಕಾಲದ ಫೋಟೋಗಳಲ್ಲಿ ಸಡಿಲ ಅಂಗಿ, ಬರಿಗಾಲು ಕಾಣುತ್ತವೆ. ಗುಸ್ತೋ ಗ್ರೇಸರ್ ಎಂಬವನಂತೂ ಉದ್ದ ಕೂದಲು, ಗಡ್ಡ ಬಿಟ್ಟು ಥೇಟ್ ನಮ್ಮ ಬೈರಾಗಿ! 1914ರಲ್ಲಿ ಮೈಸೆನ್‌ಬಾಖ್ ಎಂಬ ಛಾಯಾಗ್ರಾಹಕ, ಅಲ್ಲಿಗೆ ಬಂದಿದ್ದ ಲಾಬಾನನ ನೃತ್ಯಶಾಲೆಯವರನ್ನು ಸರೋವರದ ದಂಡೆಯಲ್ಲಿ ಚಿತ್ರಿಸಿದ.

ಇವುಗಳಲ್ಲಿ ಕಾಣದ್ದು ಹಣದ ಜಗಳ. ಬಂಡವಾಳ ಹಾಕಿದವನು ಬೆಲ್ಜಿಯಂನ ಉದ್ಯಮಿಯೊಬ್ಬರ ಮಗ ಆನ್ರಿ ಊಡನ್‌ಕೋವನ್. ಅವನೂ ಸಂಗಾತಿ ಇಡಾ ಹಾಫ್‌ಮನ್‌ಳೂ ದುಡ್ಡು ಕೊಟ್ಟು ತಂಗುವವರಿಗಾಗಿ ಆರೋಗ್ಯಧಾಮ ನಡೆಸಿದರು. ಗುಸ್ತೋನಿಗೂ ಅವನ ಅಣ್ಣ ಕಾರ್ಲ್‌ನಿಗೂ ಹಣವೇ ಬೇಡ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಕಾರ್ಲ್ ಬೇರೆ ಬಿಡಾರ ಹೂಡಿ, ಮರದ ಕೊಂಬೆಗಳಿಂದಲೇ ಕುರ್ಚಿ ಮಾಡಿಕೊಂಡ. ಲೆಕ್ಕ ಬರೆದೇ ಬದುಕಿದ ನನಗೆ ಆನ್ರಿಯ ಕಷ್ಟ ಅರ್ಥವಾಗುತ್ತದೆ. ಆದರೂ ಕಣ್ಣು ಹೋಗಿ ನಿಲ್ಲುವುದು ಗುಸ್ತೋನ ಮೇಲೆ.

1920ರಲ್ಲಿ ಆನ್ರಿ, ಇಡಾ ಬೆಟ್ಟ ಬಿಟ್ಟರು. ಕೊನೆಗೆ ಬ್ರೆಜಿಲ್ ಸೇರಿದರು. 1978ರಲ್ಲಿ ಹರಾಲ್ಡ್ ಸೇಮಾನ್ ಎಂಬವರು ಹಳೆಯ ಫೋಟೋ, ಕಾಗದಪತ್ರಗಳನ್ನು ಕೂಡಿಸಿ ಪ್ರದರ್ಶನ ಮಾಡಿದರು. ಆ ಸಂಗ್ರಹಕ್ಕೆ ಈಗ ಆನ್ರಿಯ ಮರದ ಮನೆಯೇ ಆಸರೆ.