ಯೋಹಾನ, ಇವಾನ್, ಜುವಾಂವ್: ಒಂದು ಹೆಸರಿನ ಚರಿತ್ರೆ

ಇಂಗ್ಲೆಂಡಿನ ಜಾನ್, ರಷ್ಯಾದ ಇವಾನ್, ಜರ್ಮನಿಯ ಹಾನ್ಸ್, ಸ್ಪೇನಿನ ಹುವಾನ್, ಇಟಲಿಯ ಜೊವಾನ್ನಿ, ಐರ್ಲೆಂಡಿನ ಶಾನ್, ಅರಬರ ಯಾಹ್ಯಾ, ಮಂಗಳೂರಿನ ಜುವಾಂವ್ ಇವರೆಲ್ಲರ ಹೆಸರೂ ಒಂದೇ. ಇವೆಲ್ಲಕ್ಕೂ ಮೂಲ ‘ಯೆಹೋಹಾನಾನ್’ ಎಂಬ ಹೀಬ್ರೂ ಹೆಸರು. ಅದರ ಮೊದಲ ಭಾಗ ಇಸ್ರೇಲಿನ ದೇವರ ಹೆಸರಿನ ಮೊಟಕು ರೂಪ. ‘ಹಾನಾನ್’ ಎಂದರೆ ಕೃಪೆ ತೋರಿದ. ‘ದೇವರು ಕೃಪೆ ಮಾಡಿದ’ ಎಂಬ ಪೂರ್ತಿ ವಾಕ್ಯವೇ ಇಲ್ಲಿ ಹೆಸರಾಗಿದೆ. ಹರಕೆ ಹೊತ್ತು ಹೆತ್ತ ಮಗುವಿಗೆ ನಮ್ಮಲ್ಲಿ ದೇವದತ್ತ, ಶಿವಪ್ರಸಾದ ಎಂದು ಹೆಸರಿಡುವುದರ ಹಿಂದಿರುವ ಭಾವವೇ ಅಲ್ಲೂ ಇತ್ತು. ಇದೇ ಧಾತುವಿನಿಂದ ಹನ್ನಾ ಎಂಬ ಹೆಣ್ಣು ಹೆಸರು ಬಂತು. ಎರಡು ಭಾಗಗಳನ್ನು ಹಿಂದುಮುಂದು ಮಾಡಿದರೆ ಹನನ್ಯ ಎಂಬ ಮತ್ತೊಂದು ಹೆಸರಾಗುತ್ತದೆ.

ಈ ಹೆಸರನ್ನು ಲೋಕಕ್ಕೆ ಹಂಚಿದ್ದು ಕ್ರೈಸ್ತ ಧರ್ಮ. ಆದರೆ ಹೆಸರು ಅದಕ್ಕಿಂತ ಬಹಳ ಹಳೆಯದು. ಯೆರೆಮೀಯನ ಗ್ರಂಥದಲ್ಲಿ ಯೋಹಾನಾನ್ ಎಂಬ ಸೇನಾನಾಯಕನೊಬ್ಬ ಬರುತ್ತಾನೆ. ಕ್ರಿ.ಪೂ. 134ರಿಂದ 104ರವರೆಗೆ ಯೂದಾಯವನ್ನು ಆಳಿದ ಮಹಾಯಾಜಕ ಹಿರ್ಕಾನಸನ ಹೀಬ್ರೂ ಹೆಸರೂ ಇದೇ. ಅವನು ಟಂಕಿಸಿದ ಪುಟ್ಟ ಕಂಚಿನ ನಾಣ್ಯಗಳ ಮೇಲೆ ‘ಯೆಹೋಹಾನಾನ್’ ಎಂದೇ ಬರೆದಿದೆ. ಯೇಸುವಿನ ಕಾಲಕ್ಕೆ ಹೆಸರು ಸಾಮಾನ್ಯರಲ್ಲೂ ಬಳಕೆಯಲ್ಲಿತ್ತು. 1968ರಲ್ಲಿ ಜೆರುಸಲೇಮಿನ ಈಶಾನ್ಯಕ್ಕೆ ಕಟ್ಟಡವೊಂದಕ್ಕೆ ನೆಲ ಅಗೆಯುವಾಗ ಹಳೆಯ ಸಮಾಧಿ ಗುಹೆಗಳು ಬಯಲಾದವು. ಅಲ್ಲಿ ಸಿಕ್ಕ ಸುಣ್ಣಕಲ್ಲಿನ ಅಸ್ಥಿಪೆಟ್ಟಿಗೆಯೊಂದರ ಮೇಲೆ ಈ ಹೆಸರು ಗೀಚಿತ್ತು. ಒಳಗಿನ ಮೂಳೆಗಳಲ್ಲಿ ಒಂದು ಹಿಮ್ಮಡಿಯ ಮೂಳೆ. ಅದನ್ನು ತೂರಿಕೊಂಡು ಹೋದ ಕಬ್ಬಿಣದ ಮೊಳೆ ಹಾಗೇ ಇತ್ತು. ತುದಿ ಮಡಚಿಕೊಂಡಿದ್ದರಿಂದ ಹೆಣವಿಳಿಸಿದವರಿಗೆ ಅದನ್ನು ಕೀಳಲಾಗಿರಲಿಲ್ಲ. ರೋಮನರು ಶಿಲುಬೆಗೇರಿಸಿದ ಮನುಷ್ಯನೊಬ್ಬನ ದೇಹದ ಗುರುತು ಇಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ಅದೇ ಮೊದಲು. ಚರಿತ್ರೆಗೆ ಬೇರಾವ ಸಂಗತಿಯೂ ತಿಳಿಯದ ಆ ಬಡಪಾಯಿಯ ಹೆಸರು ಮಾತ್ರ ಉಳಿಯಿತು.

ಹೆಸರಿನ ಮುಂದಿನ ಭಾಗ್ಯ ಬರೆದವರು ಇಬ್ಬರು: ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನ ಮತ್ತು ಹನ್ನೆರಡು ಶಿಷ್ಯರಲ್ಲೊಬ್ಬನಾದ ಯೋಹಾನ. ಸ್ನಾನಿಕನ ನಾಮಕರಣದ ಪ್ರಸಂಗ ಲೂಕನ ಸುವಾರ್ತೆಯಲ್ಲಿದೆ. ಮುಪ್ಪಿನಲ್ಲಿ ಹುಟ್ಟಿದ ಮಗುವಿಗೆ ತಂದೆ ಜಕರೀಯನ ಹೆಸರನ್ನೇ ಇಡಬೇಕೆಂದು ನೆಂಟರಿಷ್ಟರ ಹಟ. ತಾಯಿ ಎಲಿಸಬೇತಳು ಯೋಹಾನ ಎಂದಾಗ, ನಿಮ್ಮ ವಂಶದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರು ತಗಾದೆ ತೆಗೆದರು. ಮಾತು ನಿಂತುಹೋಗಿದ್ದ ತಂದೆ ಬರೆಯುವ ಹಲಗೆ ತರಿಸಿಕೊಂಡು ಅದೇ ಹೆಸರನ್ನು ಬರೆದು ತೋರಿಸಿದ. ಆಗ ಅವನ ನಾಲಿಗೆ ಬಿಚ್ಚಿತು. ಮನೆತನಕ್ಕೆ ಹೊಸದಾಗಿದ್ದ ಆ ಹೆಸರು ಮುಂದೆ ಯುರೋಪಿನಲ್ಲಿ ಮನೆಮನೆಗೂ ಬಂತು.

ಹೀಬ್ರೂವಿನಿಂದ ಗ್ರೀಕಿಗೆ ಬಂದಾಗ ಹೆಸರು ಮೊದಲ ಪೆಟ್ಟು ತಿಂದಿತು. ಗ್ರೀಕ್ ಬರಹದಲ್ಲಿ ಪದದ ನಡುವಿನ ಹಕಾರಕ್ಕೆ ಅಕ್ಷರವಿರಲಿಲ್ಲ. ಗಂಡಸಿನ ಹೆಸರಿಗೆ ವಿಭಕ್ತಿ ಹತ್ತುವಂಥ ಕೊನೆಯೂ ಬೇಕಿತ್ತು. ಹೀಗೆ ‘ಇಓಆನ್ನೆಸ್’ ಆಯಿತು. ಲ್ಯಾಟಿನ್ ಲಿಪಿಕಾರರು ಹಕಾರವನ್ನು ಮರಳಿ ಸೇರಿಸಿ ‘ಯೋಹಾನ್ನೆಸ್’ ಎಂದು ಬರೆದರು. ಪಶ್ಚಿಮ ಯುರೋಪಿನ ಚರ್ಚುಗಳ ದಾಖಲೆ ಪುಸ್ತಕಗಳಲ್ಲಿ ಶತಮಾನಗಳ ಕಾಲ ನಿಂತದ್ದು ಈ ರೂಪ. ಇಂದು ಈ ಹೆಸರಿನ ಮೊದಲಿಗೆ ಕಾಣುವ ‘ಜೆ’ ಅಕ್ಷರ ಆಗ ಬೇರೆ ಅಕ್ಷರವೇ ಆಗಿರಲಿಲ್ಲ, ‘ಐ’ ಅಕ್ಷರದ ಉದ್ದನೆಯ ಬಾಲವಾಗಿತ್ತು. ಅದು ಸ್ವತಂತ್ರವಾದದ್ದು 16 ಮತ್ತು 17ನೇ ಶತಮಾನಗಳಲ್ಲಿ. ಅದೇ ಅಕ್ಷರವನ್ನು ಜರ್ಮನ್ನರು ಯಕಾರವಾಗಿ, ಇಂಗ್ಲಿಷರು ಜಕಾರವಾಗಿ, ಸ್ಪೇನಿನವರು ಹಕಾರವಾಗಿ ಓದುತ್ತಾರೆ. ಹಾಗಾಗಿ ಕಾಗದದ ಮೇಲೆ ಹತ್ತಿರವಿರುವ ರೂಪಗಳು ಕಿವಿಗೆ ತೀರ ದೂರದವಾಗಿ ಕೇಳುತ್ತವೆ.

ಪಾದ್ರಿ ಪುಸ್ತಕದಲ್ಲಿ ಬರೆದದ್ದು ಒಂದು, ತಾಯಿ ಅಂಗಳದಲ್ಲಿ ನಿಂತು ಕೂಗಿದ್ದು ಇನ್ನೊಂದು. ಈ ಹೆಸರಿನ ರೂಪಗಳು ಹುಟ್ಟಿದ್ದು ಎರಡನೆಯ ಜಾಗದಲ್ಲೇ. ಇಟಲಿಯಲ್ಲಿ ಜೊವಾನ್ನಿ ಆದದ್ದು ವೆನಿಸ್ಸಿನ ಮಾತಿನಲ್ಲಿ ಜುವಾನ್ ಆಯಿತು. 1497ರಲ್ಲಿ ಬ್ರಿಸ್ಟಲ್‌ನಿಂದ ಹೊರಟು ಉತ್ತರ ಅಮೆರಿಕದ ದಂಡೆ ಮುಟ್ಟಿದ ನಾವಿಕನನ್ನು ವೆನಿಸ್ಸಿನವರು ಜುವಾನ್ ಎಂದರು, ಇಟಲಿಯ ಪುಸ್ತಕಗಳು ಜೊವಾನ್ನಿ ಕಾಬೊಟೊ ಎನ್ನುತ್ತವೆ, ಇಂಗ್ಲಿಷ್ ಪಠ್ಯಗಳಲ್ಲಿ ಅವನು ಜಾನ್ ಕ್ಯಾಬಟ್. ಜರ್ಮನ್ ನಾಡುಗಳಲ್ಲಿ ಯೋಹಾನ್ನೆಸ್‌ನ ತಲೆ ಕತ್ತರಿಸಿ ಹಾನ್ಸ್ ಮಾಡಿದರು, ಬಾಲ ಕತ್ತರಿಸಿ ಯಾನ್ ಮಾಡಿದರು. ಅಚ್ಚುಮೊಳೆಗಳ ಮುದ್ರಣವನ್ನು ಯುರೋಪಿಗೆ ಕೊಟ್ಟ ಯೋಹಾನ್ನೆಸ್ ಗುಟೆನ್‌ಬರ್ಗ್‌ನನ್ನು ಅವನ ಊರಿನವರು ಹೆನ್ನೆ ಎಂದು ಕರೆಯುತ್ತಿದ್ದರು. ಕೊನೆಗೆ ಆ ಸೀಮೆಯಲ್ಲಿ ಹೆಸರು ಎಷ್ಟು ಹೆಚ್ಚಾಯಿತೆಂದರೆ ಕರೆಯುವುದಕ್ಕೆ ಅದರಿಂದ ಉಪಯೋಗವೇ ಇಲ್ಲವಾಯಿತು. ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ತಂದೆ ಯೋಹಾನ್ ಅಂಬ್ರೋಸಿಯಸ್, ಅಣ್ಣ ಯೋಹಾನ್ ಕ್ರಿಸ್ಟೋಫ್, ಒಬ್ಬ ಮಗ ಯೋಹಾನ್ ಕ್ರಿಸ್ಟಿಯನ್. ಮೊದಲ ಹೆಸರು ದೀಕ್ಷಾಸ್ನಾನಕ್ಕೆ, ಎರಡನೆಯದು ಕರೆಯುವುದಕ್ಕೆ ಎಂಬ ಪದ್ಧತಿ ಅಲ್ಲಿ ಬೇರೂರಿತ್ತು.

ಇಂಗ್ಲೆಂಡಿನಲ್ಲಿ 1066ರ ನಾರ್ಮನ್ ದಂಡಯಾತ್ರೆಯ ಬಳಿಕ ಜಾನ್ ಎಂಬ ಹೆಸರು ಹಬ್ಬಿತು. 1215ರಲ್ಲಿ ಮ್ಯಾಗ್ನಾ ಕಾರ್ಟಾಕ್ಕೆ ಮುದ್ರೆಯೊತ್ತಿದ ದೊರೆ ಜಾನ್ ಎಷ್ಟು ಕೆಟ್ಟ ಹೆಸರು ಪಡೆದನೆಂದರೆ ಮುಂದೆ ಆ ದೇಶದ ಯಾವ ಅರಸನೂ ಆ ಹೆಸರಿನಿಂದ ಪಟ್ಟವೇರಲಿಲ್ಲ. ಪ್ರಜೆಗಳು ಮಾತ್ರ ಬಿಡಲಿಲ್ಲ. ಮಧ್ಯಯುಗದ ಕೊನೆಗೆ ಊರಿನ ಗಂಡಸರಲ್ಲಿ ದೊಡ್ಡ ಪಾಲು ಜಾನ್‌ಗಳೇ ಆಗಿ, ಒಬ್ಬನನ್ನು ಇನ್ನೊಬ್ಬನಿಂದ ಬೇರೆಮಾಡಲು ಅಡ್ಡಹೆಸರುಗಳು ಬೇಕಾದವು. ಜಾನ್ ಎಂಬುದಕ್ಕೆ ‘ಕಿನ್’ ಎಂಬ ಮುದ್ದಿನ ಬಾಲ ಸೇರಿ ಜಾಂಕಿನ್ ಆಯಿತು, ಅದು ಸವೆದು ಜಾಕ್ ಆಯಿತು. ಫ್ರೆಂಚರ ಝಾಕ್ ಎಂಬ ಹೆಸರು ಕೇಳಲು ಇದರಂತೆಯೇ ಇದ್ದರೂ ಅದು ಯಾಕೋಬನದು. ಜಾನ್ಸನ್, ಜಾಕ್ಸನ್, ಜೆಂಕಿನ್ಸ್ ಎಂಬ ಮನೆಹೆಸರುಗಳು ಈ ಬುಡದಿಂದ ಒಡೆದವು. ವೇಲ್ಸ್‌ನ ಜೋನ್ಸ್ ಮತ್ತು ಇವಾನ್ಸ್, ಡೆನ್ಮಾರ್ಕಿನ ಹಾನ್ಸೆನ್ ಮತ್ತು ಯೆನ್ಸೆನ್, ಸ್ವೀಡನ್ನಿನ ಯೋಹಾನ್ಸನ್ ಕೂಡ ಇದೇ ಸಂತಾನ.

ಜಾಕ್ ಎಂಬುದು ಕ್ರಮೇಣ ಯಾವನೋ ಒಬ್ಬ ಕೂಲಿಯಾಳು, ಚಾಕರಿಯ ಹುಡುಗ ಎಂಬ ಅರ್ಥಕ್ಕೆ ಇಳಿಯಿತು. ಇಸ್ಪೀಟಿನಲ್ಲಿ ರಾಜ, ರಾಣಿಯ ಕೆಳಗಿನ ಎಲೆಗೆ ಇಂಗ್ಲಿಷರು ಜಾಕ್ ಎಂದು ಹೆಸರಿಟ್ಟದ್ದು ಈ ಅರ್ಥದಲ್ಲಿ. ಕನ್ನಡಿಗರು ಅದೇ ಎಲೆಯನ್ನು ಗುಲಾಮ ಎನ್ನುತ್ತಾರೆ. ಆಳು ಮಾಡುವ ಕೆಲಸವನ್ನು ಮಾಡಿಕೊಡುವ ಸಲಕರಣೆಗಳಿಗೂ ಅದೇ ಹೆಸರು ಅಂಟಿತು. ನಮ್ಮ ಗ್ಯಾರೇಜುಗಳಲ್ಲಿ ಚಕ್ರ ಬಿಚ್ಚುವ ಮುಂಚೆ ಗಾಡಿಗೆ ಕೊಡುವ ಜಾಕ್ ಅಂಥದ್ದೊಂದು. ಮೂಲ ಹಿಡಿದು ಹೋದರೆ ಅದೂ ಯೋಹಾನನ ಹೆಸರೇ. ಆದರೆ ಹಲಸಿಗೆ ಇಂಗ್ಲಿಷಿನಲ್ಲಿರುವ ಜಾಕ್ ಎಂಬ ಹೆಸರಿಗೂ ಇದಕ್ಕೂ ನಂಟಿಲ್ಲ. ಅದು ಮಲಯಾಳದ ‘ಚಕ್ಕ’ ಪೋರ್ಚುಗೀಸರ ಬಾಯಲ್ಲಿ ಮಾರ್ಪಟ್ಟು ಇಂಗ್ಲಿಷಿಗೆ ಬಂದ ಪದ.

ಐರ್ಲೆಂಡಿಗೆ ಈ ಹೆಸರು ಎರಡು ಸಲ ಹೋಯಿತು. ಮೊದಲು ಲ್ಯಾಟಿನ್ ಬಲ್ಲ ಸನ್ಯಾಸಿಗಳ ಮೂಲಕ ಹೋಗಿ ಓವನ್ ಆಯಿತು. ಆಮೇಲೆ ಫ್ರೆಂಚ್ ಆಡುವ ನಾರ್ಮನರ ಜೊತೆ ಹೋಗಿ ಶಾನ್ ಆಯಿತು. ಸ್ಕಾಟ್ಲೆಂಡಿನ ಇಯನ್ ಮೊದಲನೆಯದರ ಒಡಹುಟ್ಟು. ಪೂರ್ವಕ್ಕೆ ಬೈಜಾಂಟಿಯಮ್ಮಿನಿಂದ ಗ್ರೀಕ್ ರೂಪವೇ ನೇರವಾಗಿ ಸ್ಲಾವ್ ಜನರಿಗೆ ತಲುಪಿತು. ರಷ್ಯಾದ ಚರ್ಚು ಇಯೋಆನ್ ಎಂದು ಪಟ್ಟುಹಿಡಿದರೂ ಜನ ಇವಾನ್ ಎಂದರು, ಮುದ್ದಿಗೆ ವಾನ್ಯಾ ಎಂದರು. 1547ರಲ್ಲಿ ಮೊದಲ ತ್ಸಾರ್ ಆಗಿ ಕಿರೀಟ ತೊಟ್ಟವನು ನಾಲ್ಕನೇ ಇವಾನ್. ಜನಪದ ಕಥೆಗಳಲ್ಲಿ ಒಲೆಯ ಮೇಲೆ ಮಲಗುವ, ಕೊನೆಗೆ ರಾಜಕುಮಾರಿಯನ್ನು ಗೆಲ್ಲುವ ಪೆದ್ದನೂ ಇವಾನನೇ. ಸೆರ್ಬಿಯಾದಲ್ಲಿ ಯೊವಾನ್, ಹಂಗೇರಿಯಲ್ಲಿ ಯಾನೋಷ್, ಅರ್ಮೇನಿಯಾದಲ್ಲಿ ಹೊವ್ಹಾನ್ನೆಸ್, ಫಿನ್ಲೆಂಡಿನಲ್ಲಿ ಯುಹಾನಿ, ಇಥಿಯೋಪಿಯಾದಲ್ಲಿ ಯೊಹಾನ್ನೆಸ್ ಎಂದು ಪಟ್ಟಿ ಬೆಳೆಯುತ್ತದೆ.

ಹೆಣ್ಣು ರೂಪವೂ ಅಷ್ಟೇ ಹಳೆಯದು. ಹೆರೋದನ ಮನೆವಾರ್ತೆ ನೋಡುತ್ತಿದ್ದ ಕೂಜನ ಹೆಂಡತಿ ಯೋಹಾನಳು ಲೂಕನ ಸುವಾರ್ತೆಯಲ್ಲೇ ಬರುತ್ತಾಳೆ. ಫ್ರಾನ್ಸಿನ ಝಾನ್, ಸ್ಪೇನಿನ ಹುವಾನಾ, ಇಂಗ್ಲೆಂಡಿನ ಜೋನ್, ಜೇನ್, ಜೀನ್, ಜಾನೆಟ್, ಐರ್ಲೆಂಡಿನ ಶಿವಾನ್ ಮತ್ತು ಶಿನೇಡ್ ಅವಳ ಹೆಸರಿನವರು. 1431ರಲ್ಲಿ ರೂಆನ್ ಪಟ್ಟಣದಲ್ಲಿ ಸುಟ್ಟುಕೊಂದ ಜೋನ್ ಆಫ್ ಆರ್ಕ್ ಅವರಲ್ಲಿ ಎಲ್ಲರಿಗಿಂತ ಪ್ರಸಿದ್ಧಳು.

ಹೆಸರು ಇಷ್ಟು ಆಳಕ್ಕೆ ಇಳಿಯಲು ಸ್ನಾನಿಕನ ಹಬ್ಬದ ತಾರೀಖು ದೊಡ್ಡ ಕಾರಣ. ಜೂನ್ 24 ಎಂದರೆ ಉತ್ತರ ಯುರೋಪಿನಲ್ಲಿ ಅತಿ ದೀರ್ಘ ಹಗಲಿನ ಆಸುಪಾಸು. ಬೆಂಕಿ ಹಾಕಿ ಕುಣಿಯುವ ಹಳೆಯ ಆಚರಣೆಗಳು ಅವನ ಹೆಸರಿಗೆ ಸೇರಿಕೊಂಡವು. ಲಾಟ್ವಿಯಾದಲ್ಲಿ ಆ ಹಬ್ಬದ ಹೆಸರೇ ಯಾನಿ. ಅಂದು ಯಾನಿಸ್ ಎಂಬ ಹೆಸರಿನ ಗಂಡಸರು ಓಕ್ ಎಲೆಯ ಕಿರೀಟ ತೊಡುತ್ತಾರೆ. ಅದೇ ದಿನ ಗೋವೆಯಲ್ಲಿ ಸಾಂ ಜುವಾಂವ್ ಹಬ್ಬ. ಮುಂಗಾರು ಮಳೆಗೆ ತುಂಬಿದ ಬಾವಿಗಳಿಗೆ ಹೂವು ಬಳ್ಳಿಗಳ ಕೊಪೆಲ್ ತಲೆಗಿಟ್ಟುಕೊಂಡ ಹುಡುಗರು ಧುಮುಕುತ್ತಾರೆ. ಮರಿಯಳ ದನಿ ಕೇಳಿ ಎಲಿಸಬೇತಳ ಹೊಟ್ಟೆಯೊಳಗೆ ಕೂಸು ನಲಿದು ಕುಪ್ಪಳಿಸಿದ್ದರ ನೆನಪು ಅದು. ಹೊಸ ಅಳಿಯನಿಗೆ ಆ ದಿನ ಮಾವನ ಮನೆಯಲ್ಲಿ ವಿಶೇಷ ಮರ್ಯಾದೆ. ಈ ಸಂತನ ಗುರುತು ಪಾಶ್ಚಾತ್ಯ ಸಂಗೀತದಲ್ಲೂ ಇದೆ: ಸ್ನಾನಿಕನನ್ನು ಕುರಿತ ಲ್ಯಾಟಿನ್ ಸ್ತೋತ್ರವೊಂದರ ಪಾದಗಳ ಮೊದಲಕ್ಷರಗಳಿಂದ 11ನೇ ಶತಮಾನದಲ್ಲಿ ಅರೆಟ್ಸೊದ ಗುಯ್ಡೊ ರೆ, ಮಿ, ಫ ಮುಂತಾದ ಸ್ವರನಾಮಗಳನ್ನು ಕಟ್ಟಿದ, ಮುಂದೆ ಸೇರಿದ ‘ಸಿ’ ಎಂಬ ಸ್ವರನಾಮ ‘ಸಂತ ಯೋಹಾನ’ ಎಂಬುದರ ಲ್ಯಾಟಿನ್ ಮೊದಲಕ್ಷರಗಳಿಂದ ಬಂತು.

ಭಾರತಕ್ಕೆ ಹೆಸರು ಮೊದಲು ಬಂದದ್ದು ಯುರೋಪಿನಿಂದಲ್ಲ, ಸಿರಿಯಾಕ್ ಭಾಷೆಯ ಪೂಜಾವಿಧಿಯೊಂದಿಗೆ. ಕೇರಳದ ಸಿರಿಯನ್ ಕ್ರೈಸ್ತರ ಯೋಹನ್ನಾನ್, ಉಲಹನ್ನಾನ್, ಲೋನಪ್ಪನ್ ಎಂಬ ರೂಪಗಳು ಆ ದಾರಿಯವು. ಮಧ್ಯಯುಗದ ಯುರೋಪು ಪೂರ್ವದೇಶದಲ್ಲೆಲ್ಲೋ ‘ಪ್ರೆಸ್ಟರ್ ಜಾನ್’ ಎಂಬ ಕ್ರೈಸ್ತ ಚಕ್ರವರ್ತಿ ಇದ್ದಾನೆಂದು ನಂಬಿತ್ತು. ಅವನನ್ನು ಹುಡುಕಿಸಲು ಮತ್ತು ಸಾಂಬಾರ ಪದಾರ್ಥಗಳ ದಾರಿ ತಿಳಿಯಲು ಪೋರ್ಚುಗಲ್‌ನ ದೊರೆ ಎರಡನೇ ಜುವಾಂವ್ 1487ರಲ್ಲಿ ಪೇರು ದ ಕೊವಿಲ್ಯಾಂವ್ ಎಂಬ ದೂತನನ್ನು ಕಳಿಸಿದ. ಅವನು ಕಣ್ಣೂರು, ಕಲ್ಲಿಕೋಟೆ, ಗೋವೆಗಳನ್ನು ಕಂಡು ಕೊನೆಗೆ ಇಥಿಯೋಪಿಯಾ ಸೇರಿ ಅಲ್ಲೇ ಉಳಿದ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಅವರ ರೂಪ ಕೊಂಕಣಿಯ ಬಾಯಿಗೆ ಬಂತು. ಮುಂದಿನ ಶತಮಾನಗಳಲ್ಲಿ ಕರಾವಳಿಗುಂಟ ತೆಂಕಣಕ್ಕೆ ಇಳಿದ ಕಥೋಲಿಕರೊಂದಿಗೆ ಮಂಗಳೂರನ್ನೂ ಸೇರಿತು.

ತಮಿಳು ನಾಡಿನ ಕಥೋಲಿಕರು ಬೇರೆಯೇ ದಾರಿ ಹಿಡಿದರು. ಅವರು ಹೆಸರಿನ ಸದ್ದನ್ನು ಬಿಟ್ಟು ಅರ್ಥವನ್ನು ತೆಗೆದುಕೊಂಡರು. ‘ಅರುಳ್’ ಎಂದರೆ ಕೃಪೆ. ಯೋಹಾನ ಅವರಿಗೆ ಅರುಳಪ್ಪರ್ ಆದ. 1693ರಲ್ಲಿ ಓರಿಯೂರಿನಲ್ಲಿ ತಲೆಕಡಿಸಿಕೊಂಡ ಜೆಸುಯಿಟ್ ಪಾದ್ರಿ ಜುವಾಂವ್ ದ ಬ್ರಿತ್ತೊ ಅರುಳಾನಂದರ್ ಎಂಬ ಹೆಸರಿನಿಂದಲೇ ಅಲ್ಲಿ ಪೂಜ್ಯನಾದ. ಸಾವಿರ ವರ್ಷ ಸದ್ದಾಗಿಯೇ ತಿರುಗಿದ ಹೆಸರಿಗೆ ಅದರ ಹೀಬ್ರೂ ಅರ್ಥ ಮರಳಿ ಸಿಕ್ಕಿದ್ದು ದ್ರಾವಿಡ ನುಡಿಯೊಂದರಲ್ಲಿ ಎಂಬುದು ಈ ಚರಿತ್ರೆಯಲ್ಲೇ ಅತ್ಯಂತ ಸುಂದರವಾದ ಸಂಗತಿ.

ಕನ್ನಡದ ಬರಹದಲ್ಲಿ ಎರಡು ರೂಪಗಳು ನಿಂತಿವೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೈಗೊಂಡ ಅನುವಾದದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಪ್ರಾಟೆಸ್ಟಂಟರ ಕನ್ನಡ ಬೈಬಲಿನಲ್ಲಿ ಇರುವುದು ಯೋಹಾನ. ಕಥೋಲಿಕರು ಓದುವ ಅನುವಾದದಲ್ಲಿ ಯೊವಾನ್ನ. ದಕ್ಷಿಣ ಕನ್ನಡದಲ್ಲಿ ಮಿಷನ್ ಮನೆತನದ ಯೋಹಾನ, ಕೊಂಕಣಿಯ ಜುವಾಂವ್, ಕೇರಳದಿಂದ ವಲಸೆ ಬಂದ ಯೋಹನ್ನಾನ್, ಬ್ಯಾರಿ ಮನೆಯ ಯಾಹ್ಯಾ ಒಂದೇ ಬಸ್ಸಿನಲ್ಲಿ ಪ್ರಯಾಣಿಸುವುದು ಸಾಧ್ಯ.

ಯಾಹ್ಯಾ ಎಂಬುದು ಕುರ್‌ಆನಿನ ರೂಪ. ಅಲ್ಲಿಯೂ ಅವನು ಜಕರಿಯಾರ ಮುಪ್ಪಿನ ಮಗ, ಪ್ರವಾದಿ. ಆ ಹೆಸರನ್ನು ಮೊದಲು ಯಾರಿಗೂ ಕೊಟ್ಟಿರಲಿಲ್ಲ ಎಂದು ಮರ್ಯಮ್ ಅಧ್ಯಾಯ ಹೇಳುತ್ತದೆ. ಅರಬ್ ಕ್ರೈಸ್ತರು ಅದೇ ವ್ಯಕ್ತಿಯನ್ನು ಯುಹನ್ನಾ ಎನ್ನುತ್ತಾರೆ. ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯ ಒಳಗೆ ಅವನ ಶಿರಸ್ಸು ಇದೆಯೆಂದು ನಂಬಲಾದ ಗೋರಿಯಿದ್ದು, 2001ರ ಮೇ ತಿಂಗಳಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಲ್ಲಿಗೆ ಭೇಟಿ ಕೊಟ್ಟರು. ಪೋಪರು ಹೆಚ್ಚಾಗಿ ಆಯ್ದುಕೊಂಡ ಹೆಸರೂ ಇದೇ. ಎಣಿಕೆ 23ರವರೆಗೆ ಹೋಗಿದ್ದರೂ ನಿಜವಾಗಿ ಇದ್ದವರು 21 ಮಂದಿ. ಮಧ್ಯಯುಗದ ಲೆಕ್ಕದ ಗೊಂದಲದಲ್ಲಿ 20ನೇ ಜಾನ್ ಎಂಬವರು ಆಗಲೇ ಇಲ್ಲ, 16ನೆಯವನನ್ನು ಚರ್ಚು ಒಪ್ಪಲಿಲ್ಲ.

ಅಮೆರಿಕದ ಸರ್ಕಾರಿ ಪಟ್ಟಿಯಲ್ಲಿ 1880ರಿಂದ 1923ರವರೆಗೆ ಗಂಡುಮಕ್ಕಳ ಹೆಸರುಗಳಲ್ಲಿ ಜಾನ್ ಮೊದಲ ಸ್ಥಾನದಲ್ಲಿತ್ತು; 1924ರಲ್ಲಿ ರಾಬರ್ಟ್ ಅದನ್ನು ಹಿಂದಿಕ್ಕಿತು, ಆಮೇಲೆ ಜಾನ್ ಇಳಿಯುತ್ತಲೇ ಬಂತು. ಈ ಹೆಸರಿನ ಕಾಲ ಮುಗಿಯಿತೆಂದು ಇದರಿಂದ ತೀರ್ಮಾನಿಸುವುದು ತಪ್ಪು. ಅಂಥ ಪಟ್ಟಿಗಳು ಇಯನ್, ಇವಾನ್, ಶಾನ್, ಜಾಕ್‌ಗಳನ್ನು ಬೇರೆ ಬೇರೆ ಹೆಸರುಗಳೆಂದೇ ಎಣಿಸುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1990ರ ದಶಕದ ಮಧ್ಯದಿಂದ 2008ರವರೆಗೆ ಪ್ರತಿವರ್ಷ ಗಂಡುಮಕ್ಕಳಿಗೆ ಅತಿ ಹೆಚ್ಚಾಗಿ ಇಟ್ಟ ಹೆಸರು ಜಾಕ್.