ಎರಡನೆಯ ಪ್ರತಿ: ಸಿದ್ದರಬೆಟ್ಟದ ಸೀಮೆಯಿಂದ ಕಂಡ ಗೂಢಸಂದೇಶಗಳ ಓದಿನ ಚರಿತ್ರೆ

ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಸಿದ್ದರಬೆಟ್ಟಕ್ಕೆ ಜನ ಗುಹೆಯೊಳಗಿನ ಸಿದ್ಧೇಶ್ವರನ ದರ್ಶನಕ್ಕೆ ಹೋಗುತ್ತಾರೆ, ಔಷಧಿಯ ಗಿಡಬಳ್ಳಿ ಹುಡುಕಿಕೊಂಡೂ ಹೋಗುತ್ತಾರೆ. ಸಿದ್ಧರ ಬಗ್ಗೆ ನಮ್ಮ ಕಾವ್ಯಪುರಾಣಗಳೂ ಜನರ ಮಾತೂ ಎರಡು ಸಂಗತಿಗಳನ್ನು ಬಿಡದೆ ಹೇಳುತ್ತವೆ. ಅವರು ಆಕಾಶದಲ್ಲಿ ಸಂಚರಿಸಬಲ್ಲವರು. ಮತ್ತು ತಾವು ಕಂಡದ್ದನ್ನು ನೇರವಾಗಿ ಹೇಳದೆ ಒಗಟಿನಲ್ಲಿ ಹೇಳುವವರು. ಬಾನಿನಲ್ಲಿ ಓಡಾಡುವವರು ಬಿಟ್ಟುಹೋದ ಗೂಢವಾದ ಮಾತನ್ನು ನೆಲದ ಮೇಲಿರುವವನು ಹೇಗೆ ಬಿಡಿಸಬೇಕು ಎಂಬ ಪ್ರಶ್ನೆ, ಹೀಗಾಗಿ, ರೇಡಿಯೋ ದೂರದರ್ಶಕಗಳ ಕಾಲಕ್ಕಿಂತ ಬಹಳ ಹಿಂದಿನದು. ಅಲ್ಲಮಪ್ರಭುವಿನ ಒಗಟಿನಂಥ ಬೆಡಗಿನ ವಚನಗಳನ್ನು ಬಿಡಿಸಲು ಕನ್ನಡದಲ್ಲಿ ಟೀಕು ಬರೆಯುವ ಒಂದು ಪರಂಪರೆಯೇ ಬೆಳೆಯಿತು. ಟೀಕಾಕಾರರು ಊಹೆಯ ಮೇಲೆ ನಡೆದವರಲ್ಲ. ಗುರುಪರಂಪರೆಯಿಂದ ಬಂದ ಪರಿಭಾಷೆ ಅವರ ಕೈಯಲ್ಲಿತ್ತು. ಆ ಪರಿಭಾಷೆ ತಿಳಿಯದವನಿಗೆ ಅದೇ ವಚನ ಬರಿಯ ಅಚ್ಚರಿಯಾಗಿ ಉಳಿಯುತ್ತದೆ.

ಸಿದ್ದರಬೆಟ್ಟದ ಸೀಮೆಯನ್ನು ನಡುವೆ ಇಟ್ಟುಕೊಂಡು ನೋಡಿದರೆ ಗೂಢಸಂದೇಶದ ಓದಿಗೆ ಸಂಬಂಧಿಸಿದ ಎರಡು ಮುಖ್ಯ ನೆಲೆಗಳು ಹತ್ತಿರದಲ್ಲೇ ಇವೆ. ಉತ್ತರಕ್ಕೆ ಶಿರಾದಿಂದ ಹಿರಿಯೂರು, ಚಳ್ಳಕೆರೆ ದಾಟಿದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಪೂರ್ವಕ್ಕೆ, ಮಧುಗಿರಿ ಮತ್ತು ಕೊರಟಗೆರೆಯ ಗಡಿಯಾಚೆ, ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ. ಒಂದು ಸತ್ತುಹೋದ ಲಿಪಿಯ ಊರು, ಇನ್ನೊಂದು ಬಾನಿನ ಸದ್ದಿನ ಊರು. ಎರಡೂ ಕಡೆ ನಡೆದ ಕೆಲಸದ ಬಗೆ ಒಂದೇ ಎಂಬುದು ಈ ಲೇಖನದ ವಾದ: ಸಂದೇಶವೊಂದು ನಿಜವಾಗಿ ಓದಲ್ಪಡುವುದು ಅದಕ್ಕೆ ಎರಡನೆಯ ಸಾಕ್ಷಿ ಸಿಕ್ಕಾಗ.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅಷ್ಟರೊಳಗೆ ಅವುಗಳ ಬ್ರಾಹ್ಮೀ ಲಿಪಿಯ ಗುಟ್ಟು ಬಿಚ್ಚಿ 55 ವರ್ಷ ಆಗಿತ್ತು. ನೂರಾರು ವರ್ಷ ಯಾರಿಗೂ ಅರ್ಥವಾಗದೆ ಬಂಡೆಯ ಮೇಲೆ ಕೂತಿದ್ದ ಆ ಅಕ್ಷರಗಳನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ ಬಗೆ ಇಲ್ಲಿ ಮುಖ್ಯ. ಸಾಂಚಿಯ ಬಿಡಿಬಿಡಿ ಬರಹಗಳೆಲ್ಲ ಒಂದೇ ಅಕ್ಷರಗಳಿಂದ ಮುಗಿಯುವುದನ್ನು ಅವನು ಗಮನಿಸಿದ. ಭಕ್ತರು ಕೊಟ್ಟ ಕಾಣಿಕೆಗಳ ಬರಹ ಇವಾಗಿದ್ದರೆ ಕೊನೆಗೆ ಬರುವ ಪದ ‘ದಾನಂ’ ಆಗಿರಬೇಕೆಂದು ತರ್ಕಿಸಿದ. ಅಲ್ಲಿಂದ ಉಳಿದ ಅಕ್ಷರಗಳು ಒಂದೊಂದಾಗಿ ಬಿಚ್ಚಿಕೊಂಡವು. ಒಂದೇ ಬರಹ ಅವನ ಕೈಯಲ್ಲಿದ್ದಿದ್ದರೆ ಈ ತರ್ಕ ಹುಟ್ಟುತ್ತಲೇ ಇರಲಿಲ್ಲ.

ಅಕ್ಷರ ಓದಲು ಬಂದ ಮೇಲೂ ಮಾತನಾಡುತ್ತಿರುವವನು ಯಾರೆಂಬುದಕ್ಕೆ ಶಾಸನದೊಳಗೆ ನೇರ ಪುರಾವೆ ಇರಲಿಲ್ಲ. ಬಂಡೆಗಳ ತುಂಬ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳು ಮಾತ್ರ. ಅವನು ಅಶೋಕನೇ ಎಂದು ಸಿಂಹಳದ ವಂಶಕಥನಗಳ ಆಧಾರದಿಂದ ಜಾರ್ಜ್ ಟರ್ನರ್ ತೋರಿಸಿದ್ದರೂ, ಕಲ್ಲಿನ ಮೇಲೆಯೇ ಹೆಸರು ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡವನು ಚಿನ್ನದ ಅದಿರು ಅರಸುತ್ತಿದ್ದ ಎಂಜಿನಿಯರ್ ಬೀಡನ್. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಂ ಶಾಸನಗಳಲ್ಲೂ ಅದೇ ಹೆಸರು ಬಂದು ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಬ್ರಹ್ಮಗಿರಿಯಲ್ಲಿ ಇನ್ನೊಂದು ಗುಟ್ಟಿದೆ, ನನಗೆ ತುಂಬ ಪ್ರಿಯವಾದದ್ದು. ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು, ತನ್ನ ವೃತ್ತಿ ಹೇಳುವ ಕೊನೆಯ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತ ಯಾರಿಗೆ ಅದನ್ನು ಓದಲು ಬರುತ್ತಿತ್ತು? ನನ್ನ ಮಟ್ಟಿಗೆ ಅದು ದೂರದ ಊರಿನಿಂದ ಬಂದ ಒಬ್ಬ ಕೆಲಸಗಾರ ತನ್ನವರಿಗಾಗಿ ಬಿಟ್ಟ ಗುರುತು. ಖರೋಷ್ಠಿಯನ್ನು ಬಿಡಿಸಿದ್ದೂ ಇಮ್ಮಡಿ ಸಾಕ್ಷಿಯಿಂದಲೇ: ಒಂದು ಮುಖದಲ್ಲಿ ಗ್ರೀಕ್, ಮತ್ತೊಂದರಲ್ಲಿ ಖರೋಷ್ಠಿ ಇದ್ದ ನಾಣ್ಯಗಳಿಂದ.

ಇನ್ನು ಗೌರಿಬಿದನೂರು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಇಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸುಮಾರು 1000 ಆಂಟೆನಾಗಳನ್ನು ನಿಲ್ಲಿಸಿದವು. ಅದರ ಪೂರ್ವ-ಪಶ್ಚಿಮ ತೋಳು ಸುಮಾರು 1.4 ಕಿ.ಮೀ. ಉದ್ದ, ಕೇಳುತ್ತಿದ್ದುದು 34.5 ಮೆಗಾಹರ್ಟ್ಸ್‌ನ ಕೆಳದನಿ. ಇಷ್ಟು ಕೆಳಗಿನ ಆವರ್ತನದಲ್ಲಿ ಬಾನಿನ ದನಿಯೊಡನೆ ದೂರದ ಶಾರ್ಟ್‌ವೇವ್ ಕೇಂದ್ರಗಳೂ, ಮಿಂಚೂ, ವಾಹನಗಳ ಕಿಡಿಯೂ ಬಂದು ಸೇರುತ್ತವೆ. ಯಾವುದು ಮೇಲಿನದು, ಯಾವುದು ನೆಲದ್ದು ಎಂದು ಬೇರ್ಪಡಿಸುವುದೇ ಮೊದಲ ಕೆಲಸ. ಅದಕ್ಕೆ ಪ್ರಕೃತಿಯೇ ಒಂದು ಒರೆಗಲ್ಲು ಕೊಟ್ಟಿದೆ. ನಕ್ಷತ್ರಗಳ ನಡುವಿನ ಎಲೆಕ್ಟ್ರಾನುಗಳನ್ನು ಹಾದು ಬರುವ ಮಿಡಿತದಲ್ಲಿ ಮೇಲಿನ ಆವರ್ತನ ಮೊದಲು ಮುಟ್ಟುತ್ತದೆ, ಕೆಳಗಿನದು ತಡವಾಗಿ ಮುಟ್ಟುತ್ತದೆ. ಪಕ್ಕದ ರಸ್ತೆಯಲ್ಲಿ ಹೋದ ಲಾರಿಯ ಕಿಡಿ ಎಲ್ಲ ಆವರ್ತನಗಳಲ್ಲೂ ಒಟ್ಟಿಗೇ ಕಾಣುತ್ತದೆ. ಸೂರ್ಯನಿಂದ ಸಿಡಿಯುವ ಒಂದು ಬಗೆಯ ರೇಡಿಯೋ ಸ್ಫೋಟಗಳೂ ಮೇಲಿನಿಂದ ಕೆಳದನಿಗೆ ಸರಸರನೆ ಜಾರುತ್ತವೆ. ಎಲೆಕ್ಟ್ರಾನಿನ ಹೊನಲು ಸೂರ್ಯನ ಹೊರವಲಯದ ತೆಳುವಾದ ಭಾಗಕ್ಕೆ ಏರಿದಂತೆಲ್ಲ ದನಿ ಇಳಿಯುತ್ತದೆ. ಜಾರುವ ವೇಗವನ್ನು ಅಳೆದರೆ ಹೊನಲಿನ ವೇಗವನ್ನು ಲೆಕ್ಕಹಾಕಬಹುದು. 1997ರಿಂದ ಇಲ್ಲಿನ ರೇಡಿಯೋ ಸೌರಚಿತ್ರಕ ಸೂರ್ಯನ ಆ ವಲಯವನ್ನು ಗಮನಿಸುತ್ತ ಬಂದಿದೆ.

ಅನ್ಯಲೋಕದವರ ಮಾತೆಂದು ಕೆಲವು ದಿನ ಅನುಮಾನಿಸಿದ ದನಿಯೊಂದು ಸಹಜವಾದದ್ದೆಂದು ತಿಳಿದದ್ದೂ ಎರಡನೆಯ ಪ್ರತಿಯಿಂದಲೇ. 1967ರ ನವೆಂಬರಿನಲ್ಲಿ ಕೇಂಬ್ರಿಜ್‌ನಲ್ಲಿ ಜೋಸಿಲಿನ್ ಬೆಲ್ 1.337 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ದನಿಯನ್ನು ಕಂಡರು. ಅದಕ್ಕೆ ‘ಪುಟ್ಟ ಹಸಿರು ಮನುಷ್ಯರು’ ಎಂಬ ತಾತ್ಕಾಲಿಕ ಹೆಸರೂ ಬಿತ್ತು. ಡಿಸೆಂಬರಿನಲ್ಲಿ ಬಾನಿನ ಬೇರೊಂದು ಮೂಲೆಯಲ್ಲಿ ಅಂಥದೇ ಮತ್ತೊಂದು ಮಿಡಿತ ಸಿಕ್ಕಿತು. ಎರಡು ದೂರದ ನಾಗರಿಕತೆಗಳು ಒಂದೇ ಕಾಲದಲ್ಲಿ ಒಂದೇ ರೀತಿ ನಮ್ಮತ್ತ ಮಿಡಿಯುವುದು ನಂಬುವ ಮಾತಲ್ಲ. ಅದು ಪಲ್ಸಾರ್ ಎಂಬ ಹೊಸ ಬಗೆಯ ನಕ್ಷತ್ರವಾಗಿತ್ತು. 1977ರ ಆಗಸ್ಟ್ 15ರಂದು ಅಮೆರಿಕದ ಓಹಿಯೋದಲ್ಲಿ ಸಿಕ್ಕ ‘ವಾವ್’ ಸಂಕೇತದ ಪಾಡು ಇದಕ್ಕೆ ವಿರುದ್ಧ. 72 ಸೆಕೆಂಡು ಕೇಳಿಸಿತು. ಆ ದೂರದರ್ಶಕಕ್ಕೆ ಎರಡು ಗ್ರಾಹಕಗಳಿದ್ದವು, ಒಂದರಲ್ಲಿ ಮಾತ್ರ ದಾಖಲಾಯಿತು. ಮತ್ತೆ ಬರಲೇ ಇಲ್ಲ. ಅದರ ಮೇಲೆ ಎಷ್ಟು ಬರೆದರೂ ಓದು ಮುಂದೆ ಸಾಗದು.

ಕರ್ನಾಟಕದಲ್ಲೇ ಹುಟ್ಟಿದ ಎರಡು ಪಠ್ಯಗಳನ್ನು ಇದೇ ಅಳತೆಯಿಂದ ನೋಡಬೇಕು. ಭರದ್ವಾಜ ಋಷಿಯ ವಿಮಾನವಿದ್ಯೆ ಎನ್ನುವ ‘ವೈಮಾನಿಕ ಶಾಸ್ತ್ರ’ವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಯಲ್ಲಿ ಹೇಳಿ ಬರೆಸಿದರು, ಮೈಸೂರಿನ ಜಿ. ಆರ್. ಜೋಸ್ಯರ್ 1973ರಲ್ಲಿ ಇಂಗ್ಲಿಷಿಗೆ ತಂದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿದರು. ಪಠ್ಯ 1904ಕ್ಕಿಂತ ಹಳೆಯದಲ್ಲ, ಅದರ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ. ಸುಬ್ಬರಾಯ ಶಾಸ್ತ್ರಿಗಳು ಮೋಸಗಾರರೆಂದು ಆ ವಿದ್ವಾಂಸರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಹೋಲಿಸಿ ನೋಡಲು ಇನ್ನೊಂದು ಹಳೆಯ ಪ್ರತಿ ಇಲ್ಲದ ಪಠ್ಯವನ್ನು ಪ್ರಾಚೀನರ ಸಂದೇಶವೆಂದು ಶಾಲೆಯ ಮಕ್ಕಳಿಗೆ ಹೇಳುವುದು ಅನ್ಯಾಯ.

‘ಸಿರಿಭೂವಲಯ’ದ ವಿಷಯ ಹೆಚ್ಚು ಗಂಭೀರವಾದದ್ದು. ಕುಮುದೇಂದು ಮುನಿಯ ಹೆಸರಿನ ಈ ಕೃತಿಯಲ್ಲಿ ಅಕ್ಷರವೇ ಇಲ್ಲ. 27 ಅಡ್ಡಸಾಲು, 27 ಕಂಬಸಾಲಿನ 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ಕೂತಿವೆ. ಒಂದೊಂದು ಅಂಕಿ ಒಂದೊಂದು ಧ್ವನಿ. ಪಂಡಿತ ಯಲ್ಲಪ್ಪ ಶಾಸ್ತ್ರಿ ಮತ್ತು ಕರ್ಲಮಂಗಲಂ ಶ್ರೀಕಂಠಯ್ಯ ಅವರ ಶ್ರಮದಿಂದ 1953ರಲ್ಲಿ ಮೊದಲ ಭಾಗ ಅಚ್ಚಾಯಿತು. ಅಂಕಿಗಳನ್ನು ನಿರ್ದಿಷ್ಟ ಬಂಧದಲ್ಲಿ ನಡೆಸಿದರೆ ಕನ್ನಡದ ಸಾಂಗತ್ಯ ಪದ್ಯ ಬರುತ್ತದೆ. ಇಲ್ಲಿ ಛಂದಸ್ಸೇ ಎರಡನೆಯ ಸಾಕ್ಷಿ: ಒಂದು ಹೆಜ್ಜೆ ತಪ್ಪಿದರೂ ಪ್ರಾಸ ಕೆಡುತ್ತದೆ, ಓದುಗನಿಗೆ ತಪ್ಪು ಗೊತ್ತಾಗುತ್ತದೆ. ಆದ್ದರಿಂದ ಆ ಮೊದಲ ಓದು ಪರೀಕ್ಷೆಗೆ ನಿಲ್ಲುವಂಥದ್ದು. ಅದರೊಳಗೆ 718 ಭಾಷೆಗಳಿವೆ, ಅಣುವಿಜ್ಞಾನವಿದೆ, ವಿಮಾನವಿದೆ ಎಂಬ ಮಾತುಗಳಿಗೆ ಅಂಥ ತಡೆ ಯಾವುದೂ ಇಲ್ಲ.

ಇದೇ ಚೌಕಟ್ಟಿನ ಉಪಾಯವನ್ನು ವಿಜ್ಞಾನಿಗಳು ಬಾನಿಗೂ ಕಳಿಸಿದ್ದಾರೆ. 1974ರ ನವೆಂಬರ್ 16ರಂದು ಅರೆಸಿಬೊ ರೇಡಿಯೋ ದೂರದರ್ಶಕದಿಂದ ಹೊರಟ ಸಂದೇಶದಲ್ಲಿ 1679 ಬಿಟ್‌ಗಳಿದ್ದವು. 1679 ಎಂದರೆ 23 ಮತ್ತು 73ರ ಗುಣಲಬ್ಧ. ಎರಡೂ ಅವಿಭಾಜ್ಯ ಸಂಖ್ಯೆಗಳು. ಚೌಕಟ್ಟು ಬೇರೆ ಅಳತೆಯಲ್ಲಿ ಕೂರುವುದಿಲ್ಲ, ಬೀಗದೊಡನೆ ಕೀಲಿಯೂ ಹೋಗಿದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳಲ್ಲಿಟ್ಟ ಧ್ವನಿತಟ್ಟೆಯಲ್ಲೂ ಮೊದಲ ಚಿತ್ರ ಬರಿಯ ಒಂದು ವೃತ್ತ. ಅದು ದುಂಡಗೆ ಮೂಡಿದರೆ ಓದು ಸರಿ ಎಂದರ್ಥ. ಆ ತಟ್ಟೆಯ 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಇದೆ. ಕನ್ನಡಿಗರ ಪರವಾಗಿ ಶುಭ ಕೋರುವ ಆ ದನಿ ವಾಯೇಜರ್ 1ರಲ್ಲಿ ಈಗ 2,400 ಕೋಟಿ ಕಿ.ಮೀ.ಗೂ ಆಚೆ ಇದೆ. ಆದರೆ ಒಬ್ಬೊಬ್ಬರೂ ತಮ್ಮ ಭಾಷೆಯಲ್ಲಿ ತಮಗೆ ತೋಚಿದ್ದನ್ನು ಹೇಳಿದರು. ಐವತ್ತೈದೂ ಭಾಷೆಗಳಲ್ಲಿ ಒಂದೇ ವಾಕ್ಯವನ್ನು ಹೇಳಿಸಿದ್ದರೆ ಕೇಳುವವರಿಗೆ ಹೋಲಿಸಿ ನೋಡುವ ದಾರಿ ಇರುತ್ತಿತ್ತು. ದೊಡ್ಡ ಅವಕಾಶವೊಂದು ಕೈತಪ್ಪಿತೆಂದೇ ನನಗೆ ಅನ್ನಿಸುತ್ತದೆ.

2023ರ ಮೇ 24ರಂದು ಮಂಗಳನ ಸುತ್ತ ತಿರುಗುವ ಯುರೋಪಿನ ನೌಕೆಯೊಂದು ಅನ್ಯಲೋಕದವರ ಸಂದೇಶದಂತೆ ಕಟ್ಟಿದ ಸಂಕೇತವನ್ನು ಭೂಮಿಗೆ ಕಳಿಸಿತು. ಬಿಟ್‌ಗಳನ್ನು ಆಸಕ್ತರು ಬೇಗನೆ ಬೇರ್ಪಡಿಸಿದರು. ಅವು ಅಮಿನೋ ಆಮ್ಲಗಳ ಚಿತ್ರವೆಂದು ಒಬ್ಬ ತಂದೆ ಮತ್ತು ಮಗಳು ಗುರುತಿಸುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಆ ಸಂದೇಶ ಏನು ಹೇಳಬಯಸಿದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಳಿಸಿದವರು ನಮ್ಮದೇ ಭೂಮಿಯವರಾಗಿದ್ದೂ ಇಷ್ಟು ಕಷ್ಟ.

ನಮ್ಮ ಸೀಮೆಯವರು ಇಂದು ಮಾಡಬಹುದಾದ ಕೆಲಸ ಬಾನಿನಲ್ಲಿಲ್ಲ, ಹೊಲದ ಬದುವಿನಲ್ಲಿದೆ. ತುಮಕೂರು ಜಿಲ್ಲೆಯ ಶಾಸನಗಳನ್ನು ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಶಾಸನಗಳಿಗೆ ಮಿಥಿಕ್ ಸೊಸೈಟಿ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಮಾಡುತ್ತಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಲ್ಲುಗಳಿಗೂ ಅದು ಆಗಬೇಕು. ನಿಮ್ಮ ಊರಿನ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ಅಕ್ಷರವಿರುವ ಕಲ್ಲೊಂದಿದ್ದರೆ, ಅದಕ್ಕೆ ಸುಣ್ಣ ಬಳಿಯುವ ಮೊದಲು, ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಚಿತ್ರ ತೆಗೆದು ಜಾಗದ ವಿವರದೊಂದಿಗೆ ಪುರಾತತ್ತ್ವ ಇಲಾಖೆಗೆ ಕಳಿಸಿ.