ಡಿಕ್ಕಿಯಿಲ್ಲದ ಆಘಾತ

ಶಿರ್ವದಿಂದ ಬಹುದೂರವಲ್ಲದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ ಅವರನ್ನು ನಾಡು ನೆನೆಯುವುದು 1975ರ ‘ಆರ್ಯಭಟ’ ಉಪಗ್ರಹಕ್ಕಾಗಿ. ಅದಕ್ಕೂ ಹನ್ನೆರಡು ವರ್ಷ ಮೊದಲು, ಅಮೆರಿಕದಲ್ಲಿ ಕಾನ್ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬೌರ್ ಜತೆ ಅವರು ಬರೆದ ಪ್ರಬಂಧವೊಂದು ಇಲ್ಲಿ ಅಷ್ಟಾಗಿ ಪರಿಚಿತವಲ್ಲ. ಸೂರ್ಯನಿಂದ ಎಡೆಬಿಡದೆ ಬೀಸುವ ವಿದ್ಯುತ್ಕಣಗಳ ಹರಿವೇ ಸೌರಮಾರುತ. ಶುಕ್ರಗ್ರಹದತ್ತ ಹೊರಟಿದ್ದ ‘ಮ್ಯಾರಿನರ್–2’ ನೌಕೆ ಅದರ ವೇಗ ಸೆಕೆಂಡಿಗೆ ಸುಮಾರು 500 ಕಿ.ಮೀ. ಎಂದು ಅಳೆದಿತ್ತು. ಆ ವೇಗಕ್ಕೂ ಭೂಮಿಯ ಕಾಂತಕ್ಷೇತ್ರದ ಏರುಪೇರಿಗೂ ಇರುವ ನಂಟನ್ನು ಈ ಪ್ರಬಂಧ ಲೆಕ್ಕಹಾಕಿ ತೋರಿಸಿತು.

ಅದೇ ನೌಕೆ 1962ರ ಅಕ್ಟೋಬರ್ 7ರಂದು ಇನ್ನೊಂದು ಸಂಗತಿಯನ್ನು ದಾಖಲಿಸಿತ್ತು. ಮಾರುತದ ವೇಗವೂ ಕಾಂತಕ್ಷೇತ್ರವೂ ಥಟ್ಟನೆ ಮೇಲೇರಿದ್ದವು. ಅದು ಆಘಾತ ತರಂಗವೆಂದು ಚಾರ್ಲ್ಸ್ ಸೊನೆಟ್ ಮತ್ತು ಸಂಗಡಿಗರು 1964ರಲ್ಲಿ ವಿವರಿಸಿದರು. ಇಂಥದೊಂದು ಇರಬೇಕೆಂದು ಥಾಮಸ್ ಗೋಲ್ಡ್ 1955ರಲ್ಲೇ ಊಹಿಸಿದ್ದರು. ಕಾಂತಬಿರುಗಾಳಿಗಳು ಹಠಾತ್ತನೆ ಆರಂಭವಾಗುವುದೇ ಅವರಿಗೆ ಸಿಕ್ಕಿದ್ದ ಸುಳಿವು.

ತೊಡಕು ಇದ್ದದ್ದು ಎಂಟ್ರೊಪಿಯದು. ಒಲೆಯಿಂದ ಇಳಿಸಿದ ಗಂಜಿ ಆರುತ್ತದೆ. ಆರಿದ್ದು ತಾನಾಗಿ ಬಿಸಿಯಾಗದು. ಹೀಗೆ ಹಿಂದಿರುಗದ ಬದಲಾವಣೆಯ ಅಳತೆಯೇ ಎಂಟ್ರೊಪಿ. ಜಾತ್ರೆಯ ಗರ್ನಾಲು ಸಿಡಿದಾಗ ಗಾಳಿಯಲ್ಲಿ ಏಳುವ ಆಘಾತದಲ್ಲೂ ಅದು ಹೆಚ್ಚುತ್ತದೆ: ಒಂದೇ ದಿಕ್ಕಿಗೆ ನುಗ್ಗಿದ ಅಣುಗಳು ಪರಸ್ಪರ ಡಿಕ್ಕಿ ಹೊಡೆದು ಚದರುತ್ತವೆ, ಓಟದ ಶಕ್ತಿ ಶಾಖವಾಗುತ್ತದೆ.

ಅಂತರಿಕ್ಷದಲ್ಲಿ ಡಿಕ್ಕಿ ಎಲ್ಲಿಂದ ಬರಬೇಕು? ಭೂಮಿಯ ಬಳಿ ಸೌರಮಾರುತದ ಒಂದು ಘನ ಸೆಂಟಿಮೀಟರಿನಲ್ಲಿರುವುದು ಐದಾರು ಪ್ರೋಟಾನು ಮಾತ್ರ. ಒಂದು ಇನ್ನೊಂದಕ್ಕೆ ತಾಗಬೇಕಾದರೆ ಸೂರ್ಯನಿಂದ ಭೂಮಿಗಿರುವಷ್ಟು ದೂರ, ಸುಮಾರು 15 ಕೋಟಿ ಕಿ.ಮೀ., ಓಡಬೇಕಾದೀತು. ಆಘಾತದ ದಪ್ಪವೋ ಕೆಲವು ನೂರು ಕಿ.ಮೀ.! ಅಲ್ಲಿ ಡಿಕ್ಕಿಯ ಕೆಲಸವನ್ನು ವಿದ್ಯುತ್ ಮತ್ತು ಕಾಂತಕ್ಷೇತ್ರಗಳು ಮಾಡುತ್ತವೆ. ಕೆಲವು ಪ್ರೋಟಾನುಗಳು ಗೋಡೆಗೆ ಎಸೆದ ಚೆಂಡಿನಂತೆ ಹಿಂದಕ್ಕೆ ಪುಟಿದು, ಕಾಂತಕ್ಷೇತ್ರದಲ್ಲಿ ಸುತ್ತು ಹಾಕಿ, ಮತ್ತೆ ಒಳನುಗ್ಗುತ್ತವೆ. ಅವು ಎಬ್ಬಿಸಿದ ಅಲೆಗಳು ಉಳಿದ ಕಣಗಳನ್ನು ಚದರಿಸುತ್ತವೆ.

ಇಷ್ಟಾದರೂ ಗಣಿತ ಸುಮ್ಮನಿರುವುದಿಲ್ಲ. ಡಿಕ್ಕಿಯಿಲ್ಲದ ಪ್ಲಾಸ್ಮಾಕ್ಕೆ ಅನ್ವಯಿಸುವ ವ್ಲಾಸೊವ್ ಸಮೀಕರಣದ ಪ್ರಕಾರ ಒಟ್ಟು ಎಂಟ್ರೊಪಿ ಬದಲಾಗಕೂಡದು. ತೆಂಗಿನಹಾಲಿಗೆ ಬೆಲ್ಲದ ಪಾಕ ಸುರಿದು ಸೌಟಿನಿಂದ ತಿರುವಿದರೆ ಮೊದಲಿಗೆ ಎಳೆಎಳೆ ಬೇರೆಯಾಗಿ ಕಾಣುತ್ತದೆ. ತಿರುವುತ್ತ ಹೋದಂತೆ ಎಳೆಗಳು ಸಣ್ಣದಾಗಿ ಕಣ್ಣಿಗೆ ಎಲ್ಲ ಒಂದೇ ಬಣ್ಣ. ಕಣಗಳ ಚಲನೆಯೂ ಹೀಗೆಯೇ. ಸೂಕ್ಷ್ಮವಾಗಿ ನೋಡಿದರೆ ಲೆಕ್ಕ ಕಳೆದಿಲ್ಲ, ಸ್ಥೂಲವಾಗಿ ನೋಡಿದರೆ ಎಂಟ್ರೊಪಿ ಹೆಚ್ಚಿದೆ. ಯಾವ ನೋಟದ ಎಂಟ್ರೊಪಿ ಎಂದು ಹೇಳದೆ ವಾದಿಸಿದರೆ ಜಗಳ ಮುಗಿಯದು.

ಭೂಮಿಯ ಮುಂದೆ, ಸೂರ್ಯನ ಕಡೆಗೆ ಸುಮಾರು 90,000 ಕಿ.ಮೀ. ದೂರದಲ್ಲಿ, ಇಂಥ ಆಘಾತವೊಂದು ಸದಾ ಇರುತ್ತದೆ. ಅದರ ಎರಡೂ ಬದಿಯ ಎಂಟ್ರೊಪಿ ಸಾಂದ್ರತೆಯನ್ನು ಯುರೋಪಿನ ‘ಕ್ಲಸ್ಟರ್’ ನೌಕೆಗಳು ಕಳಿಸಿದ ಮಾಹಿತಿಯಿಂದ ಮೊದಲ ಬಾರಿ ನೇರವಾಗಿ ಅಳೆದು, ಜಾರ್ಜ್ ಪಾರ್ಕ್ಸ್ ತಂಡ 2012ರಲ್ಲಿ ಪ್ರಕಟಿಸಿತು. ಸಾಂದ್ರತೆ ಬದಲಾಗಿತ್ತು. ಅಂಥ ಬದಲಾವಣೆಗೆ ವ್ಲಾಸೊವ್ ಸಮೀಕರಣದ ಅಡ್ಡಿಯಿಲ್ಲ. ಫಲಿತಾಂಶ ಬಹುಮಟ್ಟಿಗೆ ಅದಕ್ಕೇ ಹೊಂದಿತು.

ರಾವ್ 2017ರಲ್ಲಿ ತೀರಿಕೊಂಡರು. ವಿಕ್ರಂ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಅವರು ಸಂಶೋಧನೆ ನಡೆಸಿದ್ದ ಅಹಮದಾಬಾದಿನ ಭೌತವಿಜ್ಞಾನ ಪ್ರಯೋಗಾಲಯ, ಸೌರಮಾರುತದ ಕಣಗಳನ್ನು ದಿಕ್ಕುವಾರು ಅಳೆಯುವ ಉಪಕರಣವೊಂದನ್ನು ‘ಆದಿತ್ಯ–ಎಲ್1’ ನೌಕೆಗೆ ನಿರ್ಮಿಸಿಕೊಟ್ಟಿತು. ನೌಕೆ 2024ರ ಜನವರಿ 6ರಂದು, ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ಕಕ್ಷೆಯನ್ನು ಸೇರಿತು.